ಮೋಟಾರಿನ ಪಂಪೂ ಕರೀ ಕೋಟೂ

ಕೆಟ್ಟುನಿಂತ ಯಂತ್ರವನ್ನು ಕಂಡರೆ ಸುಮ್ಮನಿರಲಾರದ ಗಂಡಸರಿದ್ದಾರೆ. ಅದು ಕಲಿತು ಬಂದ ವಿದ್ಯೆಯಲ್ಲ, ಒಂದು ಬಗೆಯ ತುರಿಕೆ. ನಾನು ಆ ಜಾತಿಯವನು. ಮನೆಯ ಗೋಡೆ ಗಡಿಯಾರವನ್ನು ನಾನು ಬಿಚ್ಚಿ ಜೋಡಿಸಿದ ಮೇಲೆ ಅದು ಗಂಟೆ ಹೊಡೆಯುವುದಕ್ಕೆ ಮೊದಲು ಕೆಮ್ಮುತ್ತಿತ್ತು. ಆದರೂ ನನ್ನ ಧೈರ್ಯ ಕುಗ್ಗಲಿಲ್ಲ. ಹೊಟ್ಟೆಪಾಡಿಗೆ ಮಾತ್ರ ನಾನು ನಾರಾಯಣಪೇಟೆಯಲ್ಲಿ ವಕೀಲ.

ನಿಜಾಮನ ಮೇಲಿನ ಪೋಲೀಸ್ ಆ್ಯಕ್ಷನ್ ಮುಗಿದು ಊರು ಉಸಿರಾಡತೊಡಗಿದ ಕಾಲ. ವರ್ಗವಾಗಿ ಹೊರಟ ಅಧಿಕಾರಿಯೊಬ್ಬರಿಂದ ನಾನೊಂದು ಹಳೆಯ ಮೋಟಾರು ಕೊಂಡಿದ್ದೆ. ಅದು ಬಂದ ತಿಂಗಳೊಳಗೇ ನಮ್ಮ ಅಂಗಳದಲ್ಲಿ ನಿಂತುಬಿಟ್ಟಿತು. ಟಾಕಿಯ ಪೆಟ್ರೋಲನ್ನು ಎಳೆದು ಎಂಜಿನ್ನಿಗೆ ಕೊಡುವ ಪಂಪಿನೊಳಗಿನ ರಬ್ಬರಿನ ಪರದೆ ಹರಿದಿತ್ತು. ಹೆಂಡತಿ ಗಂಗಾಬಾಯಿ ದುಃಖಿಸಲಿಲ್ಲ. ಮೋಟಾರಿನ ನೆತ್ತಿಯ ಮೇಲೆ ಬಟ್ಟೆ ಹಾಸಿ ಸಂಡಿಗೆ ಒಣಗಿಸಿದಳು. ಮೋಟಾರು ಬಂದಮೇಲೆ ಇದೇ ಮೊದಲ ಉಪಯೋಗ ಎಂದು ನೆರೆಯವರೊಂದಿಗೆ ಹೇಳಿದ್ದೂ ನನ್ನ ಕಿವಿಗೆ ಬಿತ್ತು.

ಹೈದರಾಬಾದಿನಿಂದ ಹೊಸ ಪಂಪು ತರಿಸಿದೆ. ಅದು ಕೈಗೆ ಬಂದದ್ದು ಮಕ್ತಲದಲ್ಲಿ ಗಂಗಾಬಾಯಿಯ ಬಸುರಿ ತಂಗಿಯ ಕುಬಸದ ಹಿಂದಿನ ದಿನ. ಹಿರಿಯಕ್ಕನೇ ಮೊದಲು ಉಡಿ ತುಂಬಬೇಕು. ಎತ್ತಿನ ಗಾಡಿಯಲ್ಲಿ ಇವತ್ತೇ ಹೊರಡೋಣ ಎಂದಳು. ಬೆಳಿಗ್ಗೆ ಮೋಟಾರಿನಲ್ಲೇ ಹೋಗೋಣ ಎಂದು ನಾನು ಮಾತು ಕೊಟ್ಟೆ.

ಬೆಳಿಗ್ಗೆ ಅವಳು ರೇಷ್ಮೆ ಸೀರೆ ಉಟ್ಟು, ಉಡಿಯ ಸಾಮಾನಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತೇಬಿಟ್ಟಳು. ನನ್ನ ಮೇಲಿನ ವಿಶ್ವಾಸವೋ, ಶಿಕ್ಷೆಯೋ ತಿಳಿಯಲಿಲ್ಲ. ಹಳೆಯ ಪಂಪಿನ ಬೋಲ್ಟು ಬಿಚ್ಚುವಾಗ ಪಾನಾ ಜಾರಿ ಬೆರಳಿನ ಗೆಣ್ಣಿನ ಚರ್ಮ ಕಿತ್ತುಬಂತು. ಪೆಟ್ರೋಲು ತೋಳಿನುದ್ದ ಹರಿದು ಕಂಕುಳಿಗೆ ತಲುಪಿತು. ಅಂತೂ ಹೊಸ ಪಂಪನ್ನು ಕೂರಿಸಿ ಎರಡು ನಳಿಗೆಗಳನ್ನೂ ಬಿಗಿದು ಹಿಡಿಕೆ ತಿರುವಿದೆ. ತಿರುವಿದೆ, ತಿರುವಿದೆ, ಎಂಜಿನ್ನು ಒಮ್ಮೆಯೂ ಗುಟುರು ಹಾಕಲಿಲ್ಲ.

ಆಗ ಹಿಂದಿನ ಸೀಟಿನಿಂದ ದನಿ ಬಂತು. "ಅಲ್ರೀ, ನನ್ನ ಕೆಳಗ ಟಾಕ್ಯಾಗ ಗುಳುಗುಳು ಅನ್ನಾಕತ್ತೈತಿ."

ಹೆಂಗಸರಿಗೆ ಯಂತ್ರದ ವಿಷಯ ತಿಳಿಯದೆಂದು ನಾನು ಚಿಕ್ಕದೊಂದು ಉಪನ್ಯಾಸ ಕೊಟ್ಟೆ. ಅರ್ಧದಲ್ಲಿ ನನ್ನ ಬಾಯಿ ತಾನೇ ನಿಂತಿತು. ನಳಿಗೆಗಳು ಅದಲುಬದಲಾಗಿದ್ದವು. ನನ್ನ ಪಂಪು ಬಹಳ ಶ್ರದ್ಧೆಯಿಂದ ಟಾಕಿಗೆ ಗಾಳಿ ಊದುತ್ತಿತ್ತು. ಬದಲಾಯಿಸಿ ಮತ್ತೆ ಹಿಡಿಕೆ ತಿರುವಿದೆ. ಎಂಜಿನ್ನು ಗುಡುಗಿತು. ಬಟ್ಟೆ ಬದಲಿಸಿದರೆ ಎಲ್ಲಿ ನಿಂತುಬಿಡುತ್ತದೋ ಎಂಬ ಭಯಕ್ಕೆ ಮಸಿ ಮೆತ್ತಿದ ಧೋತರದಲ್ಲೇ ಹೊರಟೆ.

ಮಕ್ತಲದಲ್ಲಿ ಗಂಗಾಬಾಯಿ ಸರಿಯಾದ ಹೊತ್ತಿಗೆ ಉಡಿ ತುಂಬಿದಳು. ನಾನು ಬಂದ ನೆಂಟರಿಗೆಲ್ಲ ಪಂಪಿನ ಕಥೆ ಹೇಳುತ್ತಿದ್ದೆ, ಗುಳುಗುಳು ಬಿಟ್ಟು. ಅಷ್ಟರಲ್ಲಿ ಬೀದಿಯಲ್ಲಿ ಇನ್ನೊಂದು ಮೋಟಾರು ಕೆಟ್ಟು ನಿಂತಿತು. ಒಳಗಿದ್ದವರು ಮದ್ರಾಸಿನ ಕಡೆಯಿಂದ ನಮ್ಮ ತಾಲೂಕಿಗೆ ಹೊಸದಾಗಿ ಬಂದ ತಹಸೀಲ್ದಾರರು, ತೆಲುಗಿನವರು. ನೆಂಟರು ನನ್ನನ್ನು ಮುಂದೆ ತಳ್ಳಿದರು, ತಳ್ಳದಿದ್ದರೂ ಹೋಗುತ್ತಿದ್ದೆ. ಪಂಪಿಗೆ ಬರುವ ನಳಿಗೆ ಸಡಿಲವಾಗಿತ್ತು, ಬಿಗಿದೆ, ಎಂಜಿನ್ನು ಚಾಲೂ ಆಯಿತು. ಸಾಹೇಬರು ಬೆನ್ನು ತಟ್ಟಿ, ನಿನ್ನಂಥ ಮಿಸ್ತ್ರಿ ಮದ್ರಾಸಿನಲ್ಲೂ ಸಿಗಲಿಲ್ಲ ಎಂದರು. ನಾನು ವಕೀಲನೆಂದು ಹೇಳಬೇಕಿತ್ತು. ಆದರೆ ಅಂಥ ಹೊಗಳಿಕೆ ಕಚೇರಿಯಲ್ಲಿ ನನಗೆ ಯಾರೂ ಕೊಟ್ಟಿರಲಿಲ್ಲ. ಅವರ ಜವಾನ ತಂದುಕೊಟ್ಟ ಚಹಾವನ್ನು ಮೋಟಾರಿನ ಮೆಟ್ಟಿಲ ಮೇಲೆ ಕುಳಿತು ಕುಡಿದು, ಸಲಾಮು ಮಾಡಿ ಕಳಿಸಿದೆ.

ಮುಂದಿನ ವಾರ ಅದೇ ತಹಸೀಲ್ದಾರರ ಎದುರು ಕುರುಬರ ಬೀರಪ್ಪನ ತಕರಾರು ಬಂತು. ಹಿರಿಯರ ಕಾಲದಿಂದ ಕುರಿ ಮೇಯಿಸಿದ ಊರ ಗೋಮಾಳ, ಗೈರಾಣು ಜಮೀನನ್ನು ಪಟೇಲ ಉಳಲು ಹೊರಟಿದ್ದ. ಅದು ಹೋದರೆ ಬೀರಪ್ಪನ ಮಂದೆಗೆ ಹುಲ್ಲಿಲ್ಲ. ಅವನ ಪರವಾಗಿ ನಾನು ಕರೀ ಕೋಟಿನಲ್ಲಿ ಎದ್ದು ನಿಂತೆ. ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು: "ಈ ಕೋಟು ಎವರಿದಯ್ಯಾ?"

ಕೋಟು ಯಾರದಯ್ಯಾ ಎಂದು ತೆಲುಗಿನಲ್ಲಿ ಕೇಳಿದ್ದು ಎಲ್ಲರಿಗೂ ಅರ್ಥವಾಯಿತು. ಪಟೇಲನ ವಕೀಲರಿಗಂತೂ ನಗು ತಡೆಯಲಾಗದೆ ಕೆಮ್ಮು ಬಂತು. ಗಾಡಿ ರಿಪೇರಿಯ ಕಥೆಯನ್ನೂ ಹೇಳಿ, ಕೋಟು ನನ್ನದೇ ಎಂದು ವಿವರಿಸುವಷ್ಟರಲ್ಲಿ ನನ್ನ ಕಿವಿಗಳು ಸುಡುತ್ತಿದ್ದವು. ಸಾಹೇಬರು ಪಾಪ, ನನಗಿಂತ ಹೆಚ್ಚು ನಾಚಿ, ವಾದ ಮುಂದುವರಿಸಿ ಎಂದರು. ಆ ಅವಮಾನದ ಬಿಸಿಗೋ ಏನೋ, ಅಂದು ನಾನು ಮಾಡಿದಂಥ ವಾದವನ್ನು ಹಿಂದೆ ಮಾಡಿರಲಿಲ್ಲ. ಮುದುಕ ಸಾಕ್ಷಿಗಳನ್ನು ನಿಲ್ಲಿಸಿದೆ, ಅಲ್ಲಿ ಕುರಿ ಮೇಯಿಸಿಕೊಂಡು ಬಂದ ಹಳೆಯ ವಹಿವಾಟನ್ನು ಎಳೆಎಳೆಯಾಗಿ ಬಿಡಿಸಿದೆ. ಗೈರಾಣು ಕುರಿಗಳಿಗೇ ಉಳಿಯಿತು.

ಹೊರಗೆ ಬೀರಪ್ಪ ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು. "ಆವತ್ತು ಸಾಹೇಬ್ರ ಗಾಡಿ ನೀವು ರಿಪೇರಿ ಮಾಡಿದ್ದು ಭಾಳ ಚಲೋ ಆತ್ರೀ, ವಕೀಲಸಾಬ" ಎಂದ. ಗೆದ್ದದ್ದು ಕಾನೂನಿನಿಂದ ಎಂದು ನಾನು ಬಹಳ ಹೊತ್ತು ತಿಳಿಹೇಳಿದೆ. ಅವನು ದೊಡ್ಡವರಿಗೆ ಎದುರಾಡಬಾರದೆಂಬಂತೆ ತಲೆಯಾಡಿಸಿದ.

ದಾರಿಯುದ್ದಕ್ಕೂ ಅದೇ ಸಿಟ್ಟು. ಮನೆಗೆ ಬಂದವನೇ ಹೆಂಡತಿಯನ್ನು ಕೂರಿಸಿಕೊಂಡು, ಸಾಹೇಬರ ಗಾಡಿಯ ರಿಪೇರಿಯಿಂದಲೇ ಶುರುಮಾಡಿ ಹೇಳತೊಡಗಿದೆ. ಅವಳು ತುಸು ಹೊತ್ತು ಕೇಳಿ, ಕೈ ಅಡ್ಡ ಹಿಡಿದು, "ಮದ್ರಾಸಿನ್ಯಾಗೂ ನಿಮ್ಮಂಥ ಮಿಸ್ತ್ರಿ ಇಲ್ಲ ಅಂದ್ರು, ತಿಳೀತು. ಬೀರಪ್ಪನ ಕೇಸು ಏನಾತ್ರೀ?" ಎಂದಳು.

ಅದನ್ನು ಹೇಳುವುದು ನನಗೆ ಮರೆತೇಹೋಗಿತ್ತು.