ಗುಬ್ಬಚ್ಚಿ ಮುಚ್ಚಿದ ಚೀಟಿಗಳು

ಮೂವತ್ತು ಎಂದಿರಬೇಕಾದಲ್ಲಿ ಒಂದು ಎಂದು ಬರೆದು ಮರೆತದ್ದು, ಅಷ್ಟೇ ಅವಳ ತಪ್ಪು.

ಕಚೇರಿಯಲ್ಲಿ ಎಲ್ಲರೂ ಅವಳನ್ನು ಗುಬ್ಬಚ್ಚಿ ಎನ್ನುತ್ತಿದ್ದರು. ಅವಳ ದನಿ ಎದುರಿನ ಮೇಜಿಗೂ ತಲುಪುತ್ತಿರಲಿಲ್ಲ. ಹಲ್ಲಿನ ಡಾಕ್ಟರುಗಳಿಗೆ ರೋಗಿಗಳ ಸಮಯ ಗೊತ್ತುಮಾಡಿಕೊಡುವ ಆ್ಯಪ್ ಅಲ್ಲಿ ತಯಾರಾಗುತ್ತಿತ್ತು. ಅದರ ಕೋಡೆಲ್ಲ ಅಂತರ್ಜಾಲದ ಒಂದು ಭಂಡಾರದಲ್ಲಿ. ದೋಷ, ದೂರು ಏನಿದ್ದರೂ ಅಲ್ಲೇ ಒಂದು ಚೀಟಿ ಹಾಕಬೇಕು. ಯಜಮಾನರಿಗೆ ಚೀಟಿಯ ಹುಚ್ಚು ಎಷ್ಟೆಂದರೆ, ನಲ್ಲಿ ಸೋರಿದರೂ, ರಜೆ ಬೇಕಾದರೂ, "ಬಾಯಲ್ಲಿ ಹೇಳ್ಬೇಡಿ, ಚೀಟಿ ಹಾಕಿ" ಎನ್ನುವರು.

ಚೀಟಿಗಳು ಬೆಟ್ಟವಾದವು. ಮೂವತ್ತು ದಿನ ಯಾರೂ ಮುಟ್ಟದ ಚೀಟಿಗಳನ್ನು ಬೆಳಿಗ್ಗೆ ಒಂಬತ್ತಕ್ಕೆ ತಾನೇ ಮುಚ್ಚುವ ತಂತ್ರಾಂಶದ ಯಂತ್ರವೊಂದನ್ನು ಬರೆದು, ಯಂತ್ರಗಳಿಗೆಂದೇ ಇರುವ ಭಂಡಾರದ ಬಾಗಿಲಾದ ಎಪಿಐಗೆ ಜೋಡಿಸುವ ಕೆಲಸ ಗುಬ್ಬಚ್ಚಿಯ ಪಾಲಿಗೆ ಬಂತು. ಒಳಗೆ ಹೋಗಲು ಯಂತ್ರಕ್ಕೊಂದು ಕೀಲಿ ಬೇಕು. ಬೇರೆ ಕೀಲಿ ಬೇಕೆಂದರೆ ಮಾತ್ರ ಚೀಟಿ ಸಾಲದು, ಖುದ್ದಾಗಿ ಯಜಮಾನರ ಎದುರು ನಿಲ್ಲಬೇಕು. ಅವಳಿಗೆ ಆ ಧೈರ್ಯ ಎಲ್ಲಿಯದು? ತನ್ನ ಕೀಲಿಯನ್ನೇ ಕೊಟ್ಟುಬಿಟ್ಟಳು. ಯಂತ್ರ ಚೀಟಿ ಮುಚ್ಚಿದರೂ, ಅದರ ಕೆಳಗೆ ಕಾರಣದ ಸಾಲು ಬರೆದರೂ, ಇನ್ನು ಎಲ್ಲ ಅವಳ ಹೆಸರಲ್ಲೇ. ಎರಡು ದಿನ ತಲೆಯೆತ್ತದೆ ದುಡಿದು, ಪರೀಕ್ಷೆಗೆಂದು 'ಒಂದು ದಿನ' ಎಂದಿಟ್ಟು ನೋಡಿ, ಹಾಗೇ ಬಿಟ್ಟು ಮನೆಗೆ ಹೋದಳು.

ಅವಳದು ಹಂಗಾಮಿ ಕೆಲಸ. ಈ ವಾರ ಖಾಯಂ ಆಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಅತ್ತಿಗೆ ಗಂಟೆಗೊಮ್ಮೆ ಫೋನ್ ಮಾಡಿ "ಏನಂದ್ರು?" ಎನ್ನುತ್ತಿದ್ದಳು.

ಮರುದಿನ ಒಂಬತ್ತೂಕಾಲಿಗೆ ಬಂದರೆ, ಕಚೇರಿಯೆಲ್ಲ ಅವಳ ಮೇಜಿನ ಸುತ್ತ ನಿಂತಿದೆ.

"ಏನಮ್ಮಾ," ಎಂದಳು ಆ್ಯಪ್‌ನ ತಪ್ಪು ಹುಡುಕುವ ಅಕ್ಕ, "ಒಬ್ಬ ಡಾಕ್ಟರ ಮುಂದೆ ಒಂದೇ ಹೊತ್ತಿಗೆ ಹನ್ನೊಂದು ಜನ ಬಾಯಿ ತೆಕ್ಕೊಂಡು ಕೂತಿದ್ದಾರೆ. ಆ ದೋಷಕ್ಕೆ ನಾ ಹಾಕಿದ್ದ ಚೀಟಿ ನಿಂಗೆ ಅಗತ್ಯ ಇಲ್ದಿರೋದಾ?"

"ನಂದು ರಜೆ ಚೀಟಿ ಕಣೇ!" ಎಂದ ಆ್ಯಪ್‌ಗೆ ಚಿತ್ರ ಬಿಡಿಸುವವ. "ನಾಳೆ ನನ್ನ ಮದುವೆ. ಅಗತ್ಯವಿಲ್ಲವೆಂದು ಮುಚ್ಚಿದ್ದೇನೆ, ಧನ್ಯವಾದ ಅಂತ ಬರ್ದಿದ್ದೀಯ. ಹೆಣ್ಣಿನ ಕಡೆಯವರಿಗೆ ಏನು ತೋರಿಸ್ಲಿ, ಇದನ್ನಾ?"

ತೆರೆದು ನೋಡಿದಳು. ಇನ್ನೂರ ಹನ್ನೆರಡು ಚೀಟಿಗಳು ಸಾಲಾಗಿ ಮುಚ್ಚಿಕೊಂಡಿದ್ದವು, ಮಧ್ಯಾಹ್ನದ ಅಂಗಡಿಗಳ ಹಾಗೆ. ಒಂದನ್ನು ಮೂವತ್ತು ಮಾಡಿದಳು. ಎಲ್ಲವನ್ನೂ ಮತ್ತೆ ತೆರೆಯೆಂದು ಯಂತ್ರಕ್ಕೆ ಹೇಳಿದಳು. ಮುಚ್ಚಲು ಲೆಕ್ಕವಿಲ್ಲ, ಆದರೆ ಹೊಸ ಚೀಟಿಯಾಗಲಿ ಹಳೆಯದಾಗಲಿ, ತೆರೆಯಲು ಒಬ್ಬರ ಹೆಸರಲ್ಲಿ ಗಂಟೆಗೆ ಎಂಟೇ. ಒಂಬತ್ತನೆಯ ಚೀಟಿಗೆ ಭಂಡಾರ ಕೈ ಅಡ್ಡ ಹಿಡಿಯಿತು: 'ನಿಮ್ಮ ಕೋರಿಕೆಗಳು ಅತಿಯಾದವು. ಒಂದು ಗಂಟೆ ಬಿಟ್ಟು ಬನ್ನಿ.'

ಪಕ್ಕದ ಮೇಜಿನ ಹಿರಿಯಣ್ಣ, ಕಚೇರಿಗೆಲ್ಲ ಪುಕ್ಕಟೆ ಬುದ್ಧಿ ಹೇಳುವವನು, ಕುರ್ಚಿ ಎಳೆದುಕೊಂಡು ಬಂದ.

"ಯಂತ್ರ ಮಾಡ್ತು ಅಂದ್ಯೋ, ಕೆಟ್ಟೆ. ಹಂಗಾಮಿ ಹುಡುಗಿ ಹುಚ್ಚು ಯಂತ್ರ ಬಿಟ್ಳು ಅಂತಾರೆ. ನಾನೇ ಒಂದೊಂದೂ ಓದಿ ಮುಚ್ಚಿದೆ ಅನ್ನು."

"ಇನ್ನೂರ ಹನ್ನೆರಡನ್ನೂ?"

"ಹೂಂ. ಸ್ವಲ್ಪ ಗತ್ತು ಇರ್ಲಿ ಮಾರಾಯ್ತಿ!"

ಎಲ್ಲರಿಗೂ ಪತ್ರ ಬರೆದಳು: 'ಪ್ರತಿ ಚೀಟಿಯನ್ನೂ ನಾನೇ ಓದಿ, ಯೋಚಿಸಿ ಮುಚ್ಚಿದ್ದೇನೆ.'

ಇವಳಿಗೆ ಇಷ್ಟು ಅಧಿಕಾರ ಕೊಟ್ಟವರು ಯಜಮಾನರೇ ಇರಬೇಕೆಂದು ಕಚೇರಿ ತಣ್ಣಗಾಯಿತು. ತಪ್ಪು ಹುಡುಕುವ ಅಕ್ಕ ತಾನಾಗಿ ಟೀ ತಂದಿಟ್ಟು, "ನಾನೂ ಸ್ವಲ್ಪ ಉದ್ದ ಬರ್ದಿದ್ದೆ ಬಿಡು" ಎಂದಳು. ಮದುಮಗ ಬಹುವಚನಕ್ಕೆ ಬಂದ: "ಅರ್ಧ ದಿನ ಆದ್ರೂ ಕೊಡಿಸಿ, ತಾಳಿ ಕಟ್ಟಿ ಓಡಿ ಬರ್ತೀನಿ ಮೇಡಂ." ಹುಟ್ಟಿದಾಗಿನಿಂದ ಯಾರೂ ಅವಳನ್ನು ಮೇಡಂ ಎಂದಿರಲಿಲ್ಲ. ಟೀ ಇನ್ನೂ ಗಂಟಲಿಗಿಳಿದಿರಲಿಲ್ಲ, ಯಜಮಾನರ ಕರೆ ಬಂತು.

"ಪತ್ರ ನೋಡಿದೆ. ಒಂದೊಂದನ್ನೂ ಓದಿದ್ರಾ?"

"ಹೌದು ಸರ್."

"ಕೊನೇದನ್ನೂ?"

"ಹೂಂ ಸರ್."

"ಯೋಚ್ನೆ ಮಾಡೇ ಮುಚ್ಚಿದ್ರಿ?"

ಅವಳು ತಲೆಯಾಡಿಸಿದಳು. ಯಜಮಾನರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಮೊನ್ನೆ ಸಂಜೆ ಅವರೇ ಬರೆದ ಚೀಟಿ: 'ಗುಬ್ಬಚ್ಚಿಯವರ ಕೆಲಸ ಖಾಯಂ. ಒಪ್ಪಿಗೆಯಿದ್ದರೆ ಒಂದು ಸಾಲು ಬರೆಯಲಿ.' ಕೆಳಗೆ ಅವಳದೇ ಹೆಸರಲ್ಲಿ: 'ಅಗತ್ಯವಿಲ್ಲವೆಂದು ಮುಚ್ಚಿದ್ದೇನೆ. ಧನ್ಯವಾದ.'

"ಬೇಜಾರಿಲ್ಲಮ್ಮ. ಬೇರೆ ಕಡೆ ಒಳ್ಳೇದು ಸಿಕ್ಕಿರ್ಬೇಕು. ಹಿರಿಯಣ್ಣನ ನಾದಿನಿಗೆ ಕೊಡೋಣ ಅಂತಿದ್ದೀನಿ. ಇನ್ನರ್ಧ ಗಂಟೆಗೆ ಬರ್ತಾಳೆ."

"ಸರ್, ಅದು ನಾನಲ್ಲ, ಯಂತ್ರ!"

ಮೊದಲ ಬಾರಿಗೆ ಅವಳ ದನಿ ಇಡೀ ಕಚೇರಿಗೆ ಕೇಳಿಸಿತು. ಹೊರಗೆ ಟೀ ಲೋಟ ವಾಪಸು ಎತ್ತಿಕೊಂಡ ಸದ್ದಾಯಿತು.

ಯಜಮಾನರು ಕನ್ನಡಕ ತೆಗೆದರು. "ಮತ್ತೆ ಪತ್ರ ಬರೆದದ್ದು?"

"ಅದು... ನಾನು."

"ಯಾವುದನ್ನ ನಂಬ್ಲಿ? ಹೀಗೆ ಬಾಯಲ್ಲಿ ಹೇಳಿದ್ರೆ ಆಗಲ್ಲ. ಅವಳು ಬರೋದ್ರೊಳಗೆ ಒಂದು ಚೀಟಿ ಹಾಕಿ, ನೋಡೋಣ."

ಗುಬ್ಬಚ್ಚಿ ಓಡಿದಳು. ಬರೆದಳು, ಒತ್ತಿದಳು. ಅಷ್ಟರಲ್ಲಿ ಮೊದಲ ಗಂಟೆ ಕಳೆದಿತ್ತು; ಯಂತ್ರ ಅವಳ ಮಾತು ಮೀರದೆ, ಅವಳ ಕೀಲಿಯಲ್ಲೇ ಉಳಿದ ಚೀಟಿಗಳನ್ನು ತೆರೆಯಲು ಹೊರಟು, ಈ ಗಂಟೆಯ ಎಂಟನ್ನೂ ಮುಗಿಸಿತ್ತು. ಅವಳ ಚೀಟಿಯ ಬದಲು ಪರದೆಯ ಮೇಲೆ ಮೂಡಿತು: 'ನಿಮ್ಮ ಕೋರಿಕೆಗಳು ಅತಿಯಾದವು. ಒಂದು ಗಂಟೆ ಬಿಟ್ಟು ಬನ್ನಿ.'

ಫೋನ್ ಗುಂಯ್‌ಗುಟ್ಟಿತು. ಅತ್ತಿಗೆ.

"ಏನಂದ್ರು?"