ನಾಲ್ಕು ವರ್ಷದ ಟಗರು

ಮಾಳೇಶ ಹೇಡಿ. ಕತ್ತಲಲ್ಲಿ ತೋಳವನ್ನು ಅಟ್ಟಿಸಿಕೊಂಡು ಹೋದವನನ್ನು ಹೇಡಿ ಎನ್ನಬಹುದೇ ಎಂದು ಕೊಕಟನೂರಿನವರು ಕೇಳಬಹುದು. ಎನ್ನಬಹುದು. ತೋಳ ಪ್ರಶ್ನೆ ಕೇಳುವುದಿಲ್ಲ. ಅವನ ಹೆಂಡತಿ ಶೀತಲ್ ಕೇಳುತ್ತಾಳೆ. ಈಗ ಕುರಿಹಟ್ಟಿಯ ಬಾಗಿಲಲ್ಲಿ ಜಂತುಹುಳದ ಔಷಧದ ಬಾಟಲಿ ಹಿಡಿದು ನಿಂತಿದ್ದಾಳೆ.

ಶೀತಲ್: ಮತ್ತ ಕೇಳ್ತೀನಿ. ಇದನ್ನ ಯಾವ ಕುರಿಗೆ ಹಾಕೀರಿ?

ಮಾಳೇಶ: ಟಗರಿಗೆ.

ಶೀತಲ್: ಇದ್ದ ಒಂದ ಟಗರು ಬಕ್ರೀದಿಗೆ ಮಾರೀರಿ.

ಮಾಳೇಶ: ಇದು ಬ್ಯಾರೇದು.

ಶೀತಲ್: ಎಲ್ಲೈತಿ, ತೋರಸ್ರಿ.

ಮಾಳೇಶ ತೋರಿಸಲಿಲ್ಲ. ತೋರಿಸಲು ನಿಂತ ಜಾಗದಿಂದ ಕದಲಬೇಕಾಗಿಯೂ ಇರಲಿಲ್ಲ.

ಶೀತಲ್: ಕುಡದೀರಿ?

ಮಾಳೇಶ: ಒಂದ ಮುಚ್ಚಳ.

ಶೀತಲ್: ಕುರೀ ಔಷಧ ಮನಷ್ಯಾರು ಕುಡೀತಾರೇನ್ರಿ! ಯಾರ್ ಹೇಳಿದ್ರು?

ಮಾಳೇಶ: ಫೋನಿನ್ಯಾಗ ಎಐ ಐತೆಲ್ಲ, ಬಾಯಿಲೆ ಕೇಳಿದ್ರ ಬಾಯಿಲೇನ ಹೇಳ್ತೈತಿ. ನನ್ನ ಟಗರಿನ ಹಿಕ್ಕಿಯೊಳಗ ರಕ್ತ ಬೀಳಾಕತ್ತೈತಿ, ಸೊರಗಾಕತ್ತೈತಿ, ಏನ್ ಮಾಡ್ಲಿ ಅಂತ ಕೇಳ್ದೆ.

ಶೀತಲ್ ಬಾಟಲಿಯನ್ನು ಕೆಳಗಿಟ್ಟಳು.

ಶೀತಲ್: ನಿಮಗ ರಕ್ತ ಬೀಳಾಕತ್ತೈತಿ?

ಮಾಳೇಶ: ಟಗರಿಗೆ.

ಶೀತಲ್: ಯಾವಾಗಿಂದ?

ಮಾಳೇಶ: ಟಗರಿಗೆ ಪಂಚಮಿಯಿಂದ.

ಶೀತಲ್: ಫೋನಿಗೆ ಸುಳ್ಳ ಹೇಳಾಕ ನಾಚಿಕಿ ಬರಲಿಲ್ಲೇನು?

ಮಾಳೇಶ: ನಾಚಿಕಿ ಬಂತಂತನ ಸುಳ್ಳ ಹೇಳೀನಿ. ಅದು ಹೆಂಗಸಿನ ದನಿಯೊಳಗ ಮಾತಾಡ್ತೈತಿ.

ಶೀತಲ್: ವಯಸ್ಸ ಕೇಳಲಿಲ್ಲ?

ಮಾಳೇಶ: ಕೇಳ್ತು. ನಾಕು ವರ್ಷ ಅಂದೆ.

ಶೀತಲ್: ಮೂವತ್ನಾಕು ಅಂತ ಖರೇ ಹೇಳೂದಲ್ರಿ?

ಮಾಳೇಶ: ಅಷ್ಟ ವಯಸ್ಸಿನ ಟಗರು ಎಲ್ಲಿರ್ತೈತಿ? ಅದಕ್ಕೇನು ತಿಳಿಯೂದಿಲ್ಲೇನು?

ಶೀತಲ್: ಮುಂದ?

ಮಾಳೇಶ: ಜಂತಿನ ಔಷಧ ಹಾಕ್ರಿ, ಹಿಂಡಿನಿಂದ ಬ್ಯಾರೆ ಕಟ್ರಿ ಅಂತು.

ಶೀತಲ್: ಅದಕ್ಕ ಹಟ್ಟಿಯೊಳಗ ಮಲಗಾಕತ್ತೀರಿ! ನಾ ಏನ್ ತಪ್ಪ ಮಾಡೀನೋ ಅಂತ ತಲಿ ಕೆಡಿಸ್ಕೊಂಡೀನಿ.

ಮಾಳೇಶ: ನನ್ನ ಹಿಂಡು ಅಂದ್ರ ನೀನ ಅಲ್ಲ? ಮತ್ತ, ಗುಣಾ ಆಗಲಿಲ್ಲಂದ್ರ ದನದ ಡಾಕ್ಟರಿಗೆ ತೋರಸ್ರಿ ಅಂತು.

ಶೀತಲ್: ತೋರಿಸಿದ್ರಿ?

ಮಾಳೇಶ: ಅಂವಾ ನನ್ನ ಗುರುತ ಹಿಡೀತಾನು.

ಶೀತಲ್: ದಿನಾ ಮುಂಜಾನೆದ್ದು ಕುರೀ ಹಿಕ್ಕಿ ಒಡದ್ ಒಡದ್ ನೋಡ್ತೀರಿ. ಒಂದ ಕುರಿಗೆ ಹಿಂಗಾದ್ರ ಅವತ್ತ ಅಥಣಿಯ ದನದ ದವಾಖಾನಿಗೆ ಓಡ್ತೀರಿ.

ಮಾಳೇಶ: ಕುರಿಗೆ ನಾಚಿಕಿ ಇರೂದಿಲ್ಲ.

ಶೀತಲ್ ಅವನ ಕಿಸೆಯಿಂದ ಫೋನು ಕಿತ್ತುಕೊಂಡು ಅದೇ ಎಐಯನ್ನು ತೆರೆದಳು.

ಶೀತಲ್: ಏ ಅಕ್ಕಾ, ಇಲ್ಲಿ ಕೇಳು. ಅದು ಟಗರಲ್ಲ, ನನ್ನ ಗಂಡ. ಮೂವತ್ನಾಕು ವರ್ಷ. ನಿನ್ನ ಮಾತ ಕೇಳಿ ಕುರೀ ಔಷಧ ಕುಡದಾರ.

ಫೋನು: ತಿಳಿಸಿದ್ದಕ್ಕೆ ಧನ್ಯವಾದಗಳು. ಹಾಗಾದರೆ ನನ್ನ ಹಿಂದಿನ ಉತ್ತರ ಇವರಿಗೆ ಅನ್ವಯಿಸುವುದಿಲ್ಲ.

ಮಾಳೇಶ: ನೋಡು, ಮಾತ ತಿರುಗಿಸ್ತು.

ಫೋನು: ಆ ಔಷಧವನ್ನು ಮತ್ತೆ ಕುಡಿಯಬಾರದು. ಕುಡಿದಿರುವುದನ್ನು ವೈದ್ಯರಿಗೆ ತಿಳಿಸಿ. ರಕ್ತ ಬೀಳಲು ಮೂಲವ್ಯಾಧಿ ಕಾರಣವಿರಬಹುದು, ಕರುಳಿನ ಕ್ಯಾನ್ಸರ್ ಕೂಡ ಇರಬಹುದು. ಅದು ಚಿಕ್ಕ ವಯಸ್ಸಿನವರಿಗೂ ಬರುತ್ತದೆ. ನಾನು ಇಲ್ಲಿಂದ ಹೇಳಲಾರೆ. ಬೇಗ ವೈದ್ಯರಿಗೆ ತೋರಿಸಿ. ಅವರು ಕೊಳವೆ ಹಾಕಿ ಕರುಳನ್ನು ಪರೀಕ್ಷಿಸಬಹುದು.

ಮಾಳೇಶ: ಕೊಳವಿ? ಎಲ್ಲಿಂದ?

ಫೋನು: ಗುದದ್ವಾರದಿಂದ.

ಮಾಳೇಶ: ಟಗರಿಗೆ ಹೇಳಿದ್ದನ ಛಲೋ ಇತ್ತು.

ಫೋನು: ಕುಟುಂಬದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ?

ಶೀತಲ್: ಇಲ್ಲ. ಮಾವಾರು ಹೊಟ್ಟಿಬ್ಯಾನಿಲೆ ತೀರಿಕೊಂಡ್ರು.

ಮಾಳೇಶ ಹಟ್ಟಿಯ ಬೇಲಿಯಲ್ಲಿ ಸಡಿಲವಾಗಿರದ ಒಂದು ಗೂಟವನ್ನು ಬಿಗಿಮಾಡತೊಡಗಿದ.

ಮಾಳೇಶ: ಹೊಟ್ಟಿಬ್ಯಾನಿ ಅಂತ ಊರಿಗೆ ಹೇಳಿದ್ವಿ. ಮಿರಜಿನ ಡಾಕ್ಟರು ಕರುಳಿನ ಕ್ಯಾನ್ಸರ್ ಅಂದಿದ್ರು.

ಫೋನು: ಹಾಗಿದ್ದರೆ ತಡ ಮಾಡಬೇಡಿ. ಒಡಹುಟ್ಟಿದವರೂ ವೈದ್ಯರನ್ನು ಕಂಡು ಈ ವಿಷಯ ತಿಳಿಸಬೇಕು.

ಶೀತಲ್: ನಾಳೆ ಮೊದಲನೇ ಬಸ್ಸಿಗೆ ಮಿರಜಿಗೆ ನಡೀರಿ. ನಿಮ್ಮ ತಂಗಿ ಕೋಮಲಾಗ ನಾನ ಹೇಳ್ತೀನಿ. ಅದು ನಿಮ್ಮ ಕಡಿಂದ ಆಗೂ ಮಾತಲ್ಲ.

ಮಾಳೇಶ ಅವಳ ಕೈಯಿಂದ ಫೋನು ತೆಗೆದುಕೊಂಡು ರಾಯಬಾಗದಲ್ಲಿ ಗಂಡನ ಮನೆಯಲ್ಲಿರುವ ತಂಗಿಗೆ ತಾನೇ ಕರೆ ಮಾಡಿದ.

ಮಾಳೇಶ: ಕೋಮಲಾ, ನಿನಗ ಸಂಡಾಸದಾಗ ರಕ್ತ ಬೀಳ್ತೈತೇನು?

ಕೋಮಲ: ಅಣ್ಣಾ! ಸ್ಪೀಕರ್ ಚಾಲೂ ಐತಿ. ಅತ್ತಿ, ಮಾವ ಇಲ್ಲೇ ಊಟಕ್ಕ ಕುಂತಾರ.

ಮಾಳೇಶ: ಅವರೂ ಕೇಳ್ಲಿ. ನನಗ ಬೀಳಾಕತ್ತೈತಿ. ಅಪ್ಪಗ ಆಗಿದ್ದು ಕ್ಯಾನ್ಸರ್. ಈಗ ಹೇಳು, ಬೀಳ್ತೈತೋ ಇಲ್ಲೋ?