ಜೂನ್ ಒಂದರಂದು ಹುಟ್ಟದ ನಾಯಿ

ಬಾದಾಮಿ ತಾಲೂಕಿನ ಅರ್ಧ ಜನರನ್ನು ಒಂದೇ ದಿನ ಹುಟ್ಟಿಸಿದ ಕೀರ್ತಿ ನಮ್ಮ ಮಾಮಾನಿಗೆ ಸಲ್ಲಬೇಕು! ಗಾಬರಿಯಾಗಬೇಡಿ. ನಮ್ಮವ್ವನ ಈ ತಮ್ಮ ಸಾಲಿಯ ಹೆಡ್‌ಮಾಸ್ತರ ಆಗಿದ್ದ. ಮಗುವನ್ನು ಹೆಸರು ಹಚ್ಚಲು ಕರೆತಂದವರು “ಹುಟ್ಟಿದ ತಾರೀಖು ಗೊತ್ತಿಲ್ಲರಿ” ಎಂದು ಮುಗಿಸುವ ಮೊದಲೇ ಜೂನ್ ಒಂದು ಎಂದು ಬರೆದುಬಿಡುತ್ತಿದ್ದ. ಅವರಲ್ಲಿ ನಾನೂ ಒಬ್ಬ. ಅವ್ವನ ಪ್ರಕಾರ ನಾನು ಹುಟ್ಟಿದ್ದು ಸಂಕ್ರಾಂತಿಯ ಮರುದಿನ. ಧಾರವಾಡದಲ್ಲಿ ಎಂ.ಎ. ಓದಿ, ಪುರಾವೆಯಿಲ್ಲದೆ ಏನನ್ನೂ ನಂಬಬಾರದು ಎಂದು ಕಲಿತು ಬಂದವನ ಹುಟ್ಟಿಗೇ ಪುರಾವೆಯಿಲ್ಲ! ಹೀಗಾಗಿ ಮುಂದಿನದನ್ನೂ ಸ್ವಲ್ಪ ಅನುಮಾನದಿಂದಲೇ ಓದಿ. ನಾನು ಬರೆಯುತ್ತಿರುವುದೂ ಹಾಗೆಯೇ.

ಸಂಗತಿ ಇಷ್ಟು. ಮಾಮಿಗೆ ಹುಬ್ಬಳ್ಳಿಯಲ್ಲಿ ಮೊಣಕಾಲಿನ ಆಪರೇಶನ್ ಆಗಿ, ಅಲ್ಲಿಯೇ ತಂಗಿಯ ಮನೆಯಲ್ಲಿದ್ದಳು. ದಿನಾ ನಡೆಯದಿದ್ದರೆ ಕಾಲು ಬಿಗಿದುಹೋಗುತ್ತದೆ ಎಂದು ಡಾಕ್ಟರು ಎಷ್ಟು ಹೇಳಿದರೂ ಮಂಚ ಬಿಟ್ಟು ಇಳಿಯಲೊಲ್ಲಳು. ಬಾದಾಮಿಯಲ್ಲಿ ಅವಳನ್ನು ಬೆಳಗ್ಗೆ ಸಂಜೆ ಹೊಂಡದ ತನಕ ಎಳೆದೊಯ್ಯುತ್ತಿದ್ದದ್ದು ಶೇಂಗಾ. ಶೇಂಗಾ ಅಂದರೆ ಅವಳ ನಾಯಿ. ಬಣ್ಣವೂ ಸಿಪ್ಪೆ ಸುಲಿಯದ ಶೇಂಗಾದ್ದೇ, ಆಕಾರವೂ ಅದರದ್ದೇ.

“ಶೇಂಗಾ ಹೋದರನ ಇಕಿ ಏಳತಾಳ,” ಎಂದು ಮಾಮಾ ತೀರ್ಪು ಕೊಟ್ಟ. ಕಾರಿನಲ್ಲಿ ಕೂರಿಸಿದರೆ ಅದಕ್ಕೆ ಕುಳಗೇರಿ ದಾಟುವುದರೊಳಗೆ ವಾಂತಿ. ಉಳಿದದ್ದು ರೈಲು. ರೈಲು ಹತ್ತಬೇಕಾದರೆ ನಾಯಿ ಆರೋಗ್ಯವಾಗಿದೆ ಎಂದು ದನದ ದವಾಖಾನೆಯ ಸರ್ಟಿಫಿಕೇಟು ಬೇಕು. ನಮಗೆ ಬೇಡ. ನಾವು ಕೆಮ್ಮುತ್ತಲೇ ಹತ್ತಬಹುದು!

ನಾನೂ ಮಾಮಾನೂ ಶೇಂಗಾನನ್ನು ಅಲ್ಲಿಗೆ ಕರೆದೊಯ್ದೆವು. ದನದ ಡಾಕ್ಟರು ಮಾಮಾನ ಹಳೆಯ ವಿದ್ಯಾರ್ಥಿ. ಕಂಡದ್ದೇ ಎದ್ದು ನಿಂತರು. ಯಾವ ತಳಿ ಎಂದು ಕೇಳಿದರು.

“ಮುಧೋಳ,” ಅಂದ ಮಾಮಾ.

ಡಾಕ್ಟರು ಗಿಡ್ಡ ಕಾಲು, ಜೋತ ಹೊಟ್ಟೆಗಳನ್ನು ದಿಟ್ಟಿಸಿದರು. “ಸರ್, ಇದು ಮುಧೋಳದ ಬಸ್ಸನ್ನರ ನೋಡೇತೇನ್ರಿ?”

ಜ್ವರ ನೋಡಲು ಅವರು ಬಾಲ ಎತ್ತಿದಾಗ ಮಾಮಾ ಗೋಡೆಯ ಕಡೆ ತಿರುಗಿದ. “ನೀನೂ ತಿರಗಲೇ! ಅದಕ್ಕೇನು ಮರ್ಯಾದಿ ಇಲ್ಲೇನು?” ಇಬ್ಬರೂ ಗೋಡೆಯ ಮೇಲಿದ್ದ ಎಮ್ಮೆಯ ಚಿತ್ರವನ್ನು ಭಕ್ತಿಯಿಂದ ನೋಡುತ್ತ ನಿಂತೆವು.

“ವಯಸ್ಸು ಅಂದಾಜು ಆರು ವರ್ಷ ಬರೀಲೇನ್ರಿ ಸರ್?”

“ಅಂದಾಜು? ದಾಖಲಾತಿ ಒಳಗ ಅಂದಾಜು ಬರೀತಾರೇನೋ?”

ಡಾಕ್ಟರು ಪೆನ್ನು ಕೆಳಗಿಟ್ಟರು. “ಸರ್, ನಮ್ಮವ್ವ ನನ್ನ ಹಡದದ್ದು ದೀಪಾವಳಿ ಅಮಾಸಿಗೆ. ನೀವು ಜೂನ್ ಒಂದು ಬರದ್ರಿ. ಅದರ ಮ್ಯಾಲನ ನೌಕರಿ ಹಿಡದೀನಿ, ಅದರ ಮ್ಯಾಲನ ರಿಟೈರ್ ಆಗಾಂವ ಅದೀನಿ.”

“ನೀ ಮನಷ್ಯಾ, ನಿಂದು ಹೆಂಗರ ನಡೀತದ. ಇದು ರೈಲಿಗೆ ಹೋಗೂ ನಾಯಿ!”

ಆಮೇಲೆ ಮಾಮಾ ಪಾಠ ಒಪ್ಪಿಸುವವನಂತೆ ಶುರು ಮಾಡಿದ. ಮಾಮಿಗೆ ಮರಿ ಸಿಕ್ಕದ್ದು ಅಮೀನಗಡದ ಕರದಂಟಿನ ಅಂಗಡಿಯ ಮುಂದೆ, ಶ್ರಾವಣದ ಎರಡನೇ ಸೋಮವಾರ. ಕಣ್ಣು ಆಗಷ್ಟೇ ತೆರೆದಿತ್ತು. ಅಲ್ಲಿಂದ ಹದಿನೈದು ದಿನ ಹಿಂದೆ ಹೋಗಬೇಕು. ಡಾಕ್ಟರು ಮೊಬೈಲಿನಲ್ಲಿ ಹಳೆಯ ಕ್ಯಾಲೆಂಡರ್ ಹುಡುಕುತ್ತ ಕೂತರು. “ಈ ನಾಯಿನ್ನ ಒಳಗ ಬಿಡಬ್ಯಾಡ” ಎಂದು ಆರು ವರ್ಷ ಗದರಿದ ಮನುಷ್ಯನಿಗೆ ಇಷ್ಟೆಲ್ಲ ನೆನಪು! ಹೆಂಡತಿ ಹುಟ್ಟಿದ ದಿನ? ಆಸ್ಪತ್ರೆಯಲ್ಲಿ ಅವನು ಬರೆಸಿದ್ದು ಜೂನ್ ಒಂದು!

ಸರ್ಟಿಫಿಕೇಟು ಕೈಗೆ ಬಂತು. ಆದರೆ ಎಲ್ಲದಕ್ಕೂ ಮುಂಚಿತವಾಗಿ ಓಡುವ ಮಾಮಾ ಅದನ್ನು ಒಂದು ವಾರ ಮೊದಲೇ ಮಾಡಿಸಿದ್ದ. ಪ್ರಯಾಣದ ದಿನ ಸ್ಟೇಶನ್ನಿನಲ್ಲಿ ಗುಮಾಸ್ತ ತಲೆ ಅಲ್ಲಾಡಿಸಿದ. “ಹಿರ್ಯಾರ, ಇದು ಹಳೇದಾತ್ರಿ. ಹೊರಡೂದಕ್ಕ ಒಂದೆರಡು ದಿನದ ಒಳಗ ಮಾಡಿಸಿದ್ದು ಬೇಕು.”

“ನಿಮ್ಮ ರೈಲು ನಾಕು ತಾಸು ತಡಾ ಬಂದ್ರ ನಾವು ಸುಮ್ಮನ ಹತ್ತೂದಿಲ್ಲೇನು? ನಮ್ಮ ನಾಯಿ ಒಂದು ವಾರ ಮೊದಲ ಆರೋಗ್ಯ ಇದ್ರ ನಿಮಗೇನು ತ್ರಾಸು?”

ಗುಮಾಸ್ತ ಮನಸಾರೆ ನಕ್ಕ. ರೈಲು ಅಂದು ಸರಿಯಾದ ಹೊತ್ತಿಗೆ ಬಂದು, ನಮ್ಮನ್ನು ಬಿಟ್ಟು ಹೋಯಿತು.

ಸಂಜೆ ಹುಬ್ಬಳ್ಳಿಯಿಂದ ಫೋನು. ಮಾಮಿಯ ಕಾಲು ಮಡಚಲಿಕ್ಕೇ ಬರುತ್ತಿಲ್ಲವಂತೆ. ಮರುದಿನ ದವಾಖಾನೆಯ ಬೀಗ ತೆಗೆಯುವ ಮೊದಲೇ ನಾವು ಬಾಗಿಲಲ್ಲಿದ್ದೆವು.

“ತಳಿ ಮುಧೋಳನ ಬರೀಲೇನ್ರಿ ಸರ್?” ಡಾಕ್ಟರು ಕೀಟಲೆ ಮಾಡಿದರು.

“ಏನರ ಬರಿ. ಲಗೂನ ಬರಿ.”

“ಹುಟ್ಟಿದ ತಾರೀಖು?”

“ಅಂದಾಜು,” ಅಂದ ಮಾಮಾ.

ಡಾಕ್ಟರು ಕೀಟಲೆ ಬಿಟ್ಟು ಲಗುಬಗೆಯಿಂದ ಬರೆದುಕೊಟ್ಟರು.

ಶೇಂಗಾ ಗಾರ್ಡಿನ ಡಬ್ಬಿಯಲ್ಲಿ, ನಾವು ನಮ್ಮ ಡಬ್ಬಿಯಲ್ಲಿ. ರೈಲು ನಿಂತಲ್ಲೆಲ್ಲ ಮಾಮಾ ಇಳಿದು ಓಡಿಹೋಗಿ ನೋಡಿ ಬಂದ. ಮೂರು ಸಲ ಎಂದು ನನ್ನ ನೆನಪು. ಐದು ಇರಲೂಬಹುದು.

ಹುಬ್ಬಳ್ಳಿಯಲ್ಲಿ ಮಾಮಿ ಮಲಗಿದಲ್ಲಿಂದಲೇ ಸಿಡುಕಿದಳು. “ಇದನ್ಯಾಕ ತಂದ್ರಿ?”

“ನಿನಗಂತ ತಂದಿಲ್ಲ. ಅದಕ್ಕ ಊರು ತೋರಸಲಿಕ್ಕೆ.”

ಶೇಂಗಾ ತನ್ನ ಸರಪಳಿಯನ್ನು ಬಾಯಲ್ಲಿ ಕಚ್ಚಿಕೊಂಡು ಮಂಚದ ಪಕ್ಕ ನಿಂತಿತು. ಮಾಮಿ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕಾಲು ಕೆಳಗಿಟ್ಟಳು. ಮುಖ ಕಿವುಚಿತು. ಒಂದು ಹೆಜ್ಜೆ. ಇನ್ನೊಂದು.

ನಲವತ್ತು ವರ್ಷ ದಾರಿಯಲ್ಲಿ ಹೆಂಡತಿಗಿಂತ ಹತ್ತು ಮಾರು ಮುಂದೆಯೇ ನಡೆದ ಮನುಷ್ಯ ಅಂದು ಅವಳ ಹಿಂದೆ ನಡೆದ. ಎರಡೂ ಕೈ ಚಾಚಿಕೊಂಡು, ಅವಳನ್ನು ಮುಟ್ಟದೆ, ಬಾಗಿಲ ತನಕ. ಅವಳು ಒಮ್ಮೆ ತಿರುಗಿದ್ದರೂ ಆ ಕೈಗಳು ತಟ್ಟನೆ ಜೇಬು ಸೇರುತ್ತಿದ್ದವು.

ಮಾಮಿ ತಿರುಗಲಿಲ್ಲ.